ಸೈಕಲ್ ಸವಾರಿಗೆ ಕ್ಯಾಪ್ಟನ್ ಬೇಕಾ?

ರಾಜಕಾರಣಕ್ಕೆ ಇವತ್ತು ಒಂದು ದಿನ ರಜೆ ಕೊಡೋಣ.

ಭದ್ರಾವತಿಯ ಪೇಪರ್ ಟೌನ್‌ನಿಂದ ಡಿಗ್ರಿ ಓದುತ್ತಿರೋ ಒಬ್ಬ ಹುಡುಗಿ ವಾಟ್ಸಾಪ್‌ನಲ್ಲಿ ಕೇಳಿದ್ದಾಳೆ: ‘ಸರ್, ನಾನು ದಿನಾ ಸೈಕಲ್ ಹೊಡೀತೀನಿ. ದೂರದ ರೈಡ್‌ಗೆ ಸೇರ್ಬೇಕು ಅಂತ ಆಸೆ. ರೇಸ್ ಅಂತಾರೆ, ಟೂರ್ ಅಂತಾರೆ, ಬ್ರೆವೆ ಅಂತಾರೆ. ಯಾವುದಕ್ಕೆ ಸೇರ್ಲಿ? ರಾತ್ರಿ ಹೊತ್ತು ಮನೇಲಿ ಬಿಡಲ್ಲ.’

ಎಲ್ಲಾ ಸೈಕಲ್ಲೇ, ಎಲ್ಲಾ ರಸ್ತೆಯೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ ಸ್ವಾಮಿ. ದಾರಿಯಲ್ಲಿ ನಿಮಗೇನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ? ವ್ಯತ್ಯಾಸ ಇರೋದು ಅಲ್ಲಿ.

ಮೊದಲು ರೇಸ್. ಇದರ ಹುಟ್ಟಿನಲ್ಲಿ ನಮ್ಮ ವೃತ್ತಿಯವರ ಕೈ ಇದೆ. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರೋ 1200 ಕಿ.ಮೀ. ಸ್ಪರ್ಧೆ ಏರ್ಪಡಿಸಿದ್ದು ‘ಲ ಪೆತಿ ಜುರ್ನಾಲ್’ ಅನ್ನೋ ಪತ್ರಿಕೆ. ಶಾರ್ಲ್ ತೆರೋ ಎಂಬಾತ ಸುಮಾರು 71 ಗಂಟೆಯಲ್ಲಿ ಮುಗಿಸಿ ಗೆದ್ದ. 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರು ಮಾಡಿದ್ದೂ ‘ಲೊತೊ’ ಎಂಬ ಪತ್ರಿಕೆಯೇ, ಪ್ರಸಾರ ಹೆಚ್ಚಿಸಿಕೊಳ್ಳೋಕೆ. ಆ ಕಾಲದ ಟಿಆರ್‌ಪಿ ಅನ್ನಿ! ನಮ್ಮಲ್ಲಿ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಮಕ್ಕಳು. ಅವರ ತಾಕತ್ತಿಗೆ ಕೈ ಮುಗಿಯಬೇಕು. ಆದರೆ ಅದಕ್ಕೆ ಕೋಚ್ ಬೇಕು, ತಂಡ ಬೇಕು, ದುಬಾರಿ ಸೈಕಲ್ ಬೇಕು. ಓದಿದ್ದು ಇಂಜಿನಿಯರಿಂಗ್ ಆದ್ದರಿಂದ ಒಂದು ಲೆಕ್ಕ ಹೇಳಿಬಿಡ್ತೀನಿ: ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ. ರೇಸಿನವರು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಹೋಗೋದು ಅದಕ್ಕೇ. ಗಂಟೆಗೆ 17-18 ಕಿ.ಮೀ. ಹೋಗೋ ನಮಗೆ ಆ ತಲೆನೋವು ಅಷ್ಟಿಲ್ಲ, ಕ್ಯಾರಿಯರ್ ಇರೋ ಸೈಕಲ್ಲೂ ನಡೆಯುತ್ತೆ.

ಟೂರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ನಿಮಗೆ ಗೊತ್ತಿರಬಹುದು. ಬ್ಯಾಗು ವ್ಯಾನಿನಲ್ಲಿ ಬರುತ್ತೆ, ಊಟ, ರೂಮು, ಮೆಕ್ಯಾನಿಕ್ಕು ಎಲ್ಲಾ ವ್ಯವಸ್ಥೆ ಇರುತ್ತೆ. ಕಾಡು, ಘಾಟಿ ನೋಡಿಕೊಂಡು ಹೋಗಬಹುದು. ಚೆನ್ನಾಗಿದೆ. ಆದರೆ ಶುಲ್ಕ ಕಟ್ಟಬೇಕು, ವಾರಗಟ್ಟಲೆ ರಜೆ ಬೇಕು. ಡಿಗ್ರಿ ಓದೋ ಹುಡುಗಿಗೆ ಎರಡೂ ಕಷ್ಟ.

ಬ್ರೆವೆ ಕಥೆ ಬೇರೆ. ಇಲ್ಲಿ ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲವೇ ಇಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದವರೆಲ್ಲ ಸಮಾನ. ದಾರಿಯ ಚೆಕ್ ಪಾಯಿಂಟ್‌ಗಳಲ್ಲಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಹಿಂದೆ ಕಾರು ಬರುವಂತಿಲ್ಲ. ಪಂಕ್ಚರ್ ಆದರೆ ನೀನೇ ಹಾಕ್ಕೋ, ಹಸಿವಾದರೆ ಸಿಕ್ಕ ಹೋಟೆಲಿನಲ್ಲಿ ತಿನ್ನು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಶಿವಮೊಗ್ಗದಿಂದ ಜೋಗಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ 200 ಕಿ.ಮೀ. ಆಗುತ್ತೆ. ದೇವರೇ ಬ್ರೆವೆಗೆ ಅಂತ ಅಳತೆ ಮಾಡಿ ಇಟ್ಟ ಹಾಗೆ! ಬೆಳಗ್ಗೆ ಆರಕ್ಕೆ ಹೊರಟೆ. ಸಾಗರದಲ್ಲಿ ಇಡ್ಲಿ, ತಾಳಗುಪ್ಪ ದಾಟಿ ಜೋಗ. ಅಲ್ಲಿವರೆಗೂ ನಾನೇ ರಾಜ. ವಾಪಸ್ ಬರುವಾಗ ಚೋರಡಿ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ಸೂರ್ಯ ಮುಳುಗಿದ್ದ. ಮೊಬೈಲ್ ಬೆಳಕಲ್ಲಿ ಟ್ಯೂಬ್ ಬದಲಾಯಿಸೋ ಹೊತ್ತಿಗೆ ಪಕ್ಕದಲ್ಲಿ ಲಾರಿಗಳು ಬುಸ್ ಅಂತ ಹೋಗುತ್ತಿದ್ದವು. ಶಿವಮೊಗ್ಗ ಮುಟ್ಟಿದಾಗ 13 ಗಂಟೆ 50 ನಿಮಿಷ ಆಗಿತ್ತು. ಇಪ್ಪತ್ತು ನಿಮಿಷ ತಡ. ಸೀಲು ಹಾಕುವ ಹುಡುಗ ಟೀ ಕೊಟ್ಟ, ಬೆನ್ನು ತಟ್ಟಿದ. ಪಟ್ಟಿಯಲ್ಲಿ ಹೆಸರು ಮಾತ್ರ ಬರಲಿಲ್ಲ. ನಿಯಮ ಅಂದರೆ ನಿಯಮ, ನನಗೆ ಬೇಜಾರಿಲ್ಲ.

ಈ ಹುಡುಗಿಯ ಮೆಸೇಜ್ ಓದಿದಾಗ ಚೋರಡಿಯ ಆ ಹತ್ತು-ಹದಿನೈದು ನಿಮಿಷ ನೆನಪಾಯ್ತು. ಕತ್ತಲಲ್ಲಿ ಸೈಕಲ್ ತಲೆಕೆಳಗು ಮಾಡಿಕೊಂಡು ಒಬ್ಬನೇ ಕೂತಿದ್ದಾಗ ನನಗಿದ್ದ ಚಿಂತೆ ಟೈಮಿನದ್ದು ಮಾತ್ರ. ಎರಡು ಬೈಕು ನಿಧಾನ ಮಾಡಿದವು, ‘ಏನಾಯ್ತಣ್ಣಾ’ ಅಂದರು, ಹೋದರು. ಅದೇ ಜಾಗದಲ್ಲಿ ಅವಳಿದ್ದು ಬೈಕು ನಿಧಾನವಾಗಿದ್ದರೆ? ಎಲ್ಲ ನೀನೇ ನೋಡಿಕೋ ಅನ್ನೋ ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ. ರಸ್ತೆ ಮೇಲೆ ಒಂದೇ ಅಲ್ಲ. 200 ಹಗಲಲ್ಲಿ ಮುಗಿಯಬಹುದು. 300 ಅಂದರೆ ಸಾಮಾನ್ಯ ಸವಾರರಿಗೆ ರಾತ್ರಿ ತಪ್ಪಿದ್ದಲ್ಲ. ಅವಳ ಅಪ್ಪ-ಅಮ್ಮ ಬಿಡಲ್ಲ ಅಂದರೆ ನಾನು ಅವರನ್ನು ಬೈಯಲಾರೆ.

ಹಾಗಾದ್ರೆ ಮನೇಲೇ ಇರಬೇಕಾ? ಇಲ್ಲ. ನಾಲ್ಕನೇ ಪದ್ಧತಿಯೊಂದಿದೆ, ಅದರ ಮಾತು ಇಲ್ಲಿ ಯಾರೂ ಎತ್ತೋದಿಲ್ಲ. ಟೂರ್ ಡಿ ಫ್ರಾನ್ಸ್ ಕಟ್ಟಿದ ಅದೇ ಆಂರಿ ದೆಗ್ರಾಂಜ್ 1904ರಲ್ಲಿ ಇದನ್ನೂ ಶುರು ಮಾಡಿದ. ಹೆಸರು ಆಡಾಕ್ಸ್. ಎಲ್ಲರೂ ಗುಂಪಾಗಿ ಹೋಗೋದು. ಮುಂದೆ ಒಬ್ಬ ಕ್ಯಾಪ್ಟನ್, ಅವನನ್ನು ಯಾರೂ ದಾಟುವಂತಿಲ್ಲ. ವೇಗ ಮೊದಲೇ ನಿಗದಿ, ಈಗ ಸಾಮಾನ್ಯವಾಗಿ ಗಂಟೆಗೆ 22.5 ಕಿ.ಮೀ. ತಿಂಡಿಗೂ ಒಟ್ಟಿಗೆ ನಿಲ್ಲಬೇಕು, ಊರಿಗೂ ಒಟ್ಟಿಗೆ ಸೇರಬೇಕು. 1921ರಲ್ಲಿ ದೆಗ್ರಾಂಜ್ ಜೊತೆ ಮನಸ್ತಾಪವಾಗಿ ಪ್ಯಾರಿಸ್‌ನ ಒಂದು ಕ್ಲಬ್ಬಿನವರು, ‘ನಮ್ಮ ನಮ್ಮ ವೇಗದಲ್ಲಿ ಹೋಗ್ತೀವಿ’ ಅಂತ ಬೇರೆಯಾದರು. ಇವತ್ತಿನ ಬ್ರೆವೆ ಬಂದಿದ್ದು ಆ ಜಗಳದಿಂದ. ಜಗತ್ತೆಲ್ಲ ಬ್ರೆವೆ ಹಬ್ಬಿತು, ಆಡಾಕ್ಸ್ ಬಹಳಷ್ಟು ಮರೆತೇ ಹೋಯ್ತು.

ಇದನ್ನು ಓದಿದಾಗ ನನಗೆ ನಮ್ಮ ದೊಡ್ಡಪ್ಪ ಕಣ್ಮುಂದೆ ಬಂದರು. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಹಳ್ಳಿಯವರೆಲ್ಲ ಗೇಟಿನ ಹತ್ತಿರ ಸೇರೋರಂತೆ. ಡೈನಮೊ ದೀಪ ಇರುವವನು ಮುಂದೆ, ಇಲ್ಲದವರು ಹಿಂದೆ. ವಯಸ್ಸಾದವರು ಯಾರಿದ್ದಾರೋ ಅವರ ವೇಗವೇ ಎಲ್ಲರ ವೇಗ. ‘ಒಬ್ಬನ ಚೈನ್ ಬಿಚ್ಚಿದ್ರೆ ಹನ್ನೆರಡು ಜನ ನಿಲ್ತಿದ್ವಿ ಕಣೋ, ಬೀಡಿ ಸೇದೋಕೆ ಒಂದು ನೆಪ’ ಅನ್ನೋರು. ಅವರಿಗೆ ಪ್ಯಾರಿಸ್ಸೂ ಗೊತ್ತಿರಲಿಲ್ಲ, ಆಡಾಕ್ಸೂ ಗೊತ್ತಿರಲಿಲ್ಲ.

ಆದ್ದರಿಂದ ತಂಗೀ, ನನ್ನ ಉತ್ತರ ಇದು. ಇನ್ನೊಂದು ಜಾಥಾಗೆ ಟೀ ಶರ್ಟ್ ಹಂಚೋ ಬದಲು ಶಿವಮೊಗ್ಗ-ಭದ್ರಾವತಿಯ ಸೈಕಲ್ ಗೆಳೆಯರು ತಿಂಗಳಿಗೊಂದು ಆಡಾಕ್ಸ್ ಮಾಡಲಿ. ಶಿವಮೊಗ್ಗದಿಂದ ಬಿ.ಎಚ್. ರಸ್ತೆ ಹಿಡಿದು ಭದ್ರಾವತಿ, ಅಲ್ಲಿಂದ ತರೀಕೆರೆ, ವಾಪಸ್. ಸುಮಾರು 80 ಕಿ.ಮೀ. ನಮ್ಮ ರಸ್ತೆಗೆ 22 ಬೇಡ, 16 ಸಾಕು. ಆರಕ್ಕೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮನೆ. ಆಮೇಲೆ ಬ್ರೆವೆಗೂ ಹೋಗು. ಅಲ್ಲಿ ಹಿಂದೆ ಕಾರು ಬರಬಾರದು ಅಂತಷ್ಟೇ ನಿಯಮ. ನಾಲ್ಕು ಜನ ಗೆಳತಿಯರು ಕೊನೆವರೆಗೂ ಜೊತೆಗೇ ಹೋದರೆ ಯಾರೂ ತಡೆಯೋದಿಲ್ಲ. ಇನ್ನು ರಸ್ತೆ ಅಂಚಿನ ಬಿಳಿ ಗೆರೆಯಾಚೆ ಎರಡಡಿ ಜಾಗ ಗುಂಡಿ, ಜಲ್ಲಿ ಇಲ್ಲದೆ ಇರುವಂತೆ ನೋಡಿಕೊಳ್ಳೋದು ಹೆದ್ದಾರಿಯವರ ಕೆಲಸ. ಅದನ್ನು ಕೇಳೋದು ನನ್ನ ಕೆಲಸ, ಕೇಳ್ತಾನೇ ಇರ್ತೀನಿ.

ಇಷ್ಟನ್ನು ಅವಳಿಗೂ ಬರೆದು ಕಳಿಸಿದೆ. ತಕ್ಷಣ ಉತ್ತರ ಬಂತು: ‘ಸರಿ ಸರ್. ಆದ್ರೆ ಕ್ಯಾಪ್ಟನ್ ಯಾರು?’