ಡಿಲೀಟ್ ಒತ್ತುವ ಮುಂಚೆ

ನಿಮ್ಮ ಕಂಪ್ಯೂಟರಿನ ಸಿ ಡ್ರೈವ್ ಕೆಂಪಾಗಿದೆಯಾ? ಜಾಗ ಇಲ್ಲ, ಜಾಗ ಇಲ್ಲ ಅಂತ ದಿನಾ ಗೋಳಾಡ್ತಿದೆಯಾ? ಹಾಗಾದರೆ ಇವತ್ತಿನ ಮಾತು ನಿಮಗೇ.

ಹೋದ ದೀಪಾವಳಿಗೆ ಮನೆ ಗುಡಿಸಿದ ಹುರುಪಿನಲ್ಲಿ ನಾನು ಲ್ಯಾಪ್‌ಟಾಪನ್ನೂ ಗುಡಿಸಲು ಕೂತೆ. ಹೆಸರಿಲ್ಲದೆ ಬರೀ ನಂಬರ್ ಇದ್ದ ಫೈಲುಗಳನ್ನೆಲ್ಲ ಆರಿಸಿದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ. ಹಾಗೆ ಒತ್ತಿದರೆ ಫೈಲು ರೀಸೈಕಲ್ ಬಿನ್‌ಗೂ ಹೋಗಲ್ಲ ನೋಡಿ. ವಾರ ಕಳೆದ ಮೇಲೆ ಗೊತ್ತಾಯ್ತು, ಅಮ್ಮನ ಕೊನೇ ಯುಗಾದಿಯ ಫೋಟೋಗಳೂ ಅದರಲ್ಲೇ ಇದ್ದವು. ಅಕ್ಕನ ಹಳೇ ಫೋನಿನಲ್ಲಿ ನಾಲ್ಕು ಸಿಕ್ಕವು. ಉಳಿದವು ಹೋದವು. ಯಾರನ್ನ ಬೈಯಲಿ? ಒತ್ತಿದ್ದು ನನ್ನದೇ ಬೆರಳು.

ದೊಡ್ಡ ದೊಡ್ಡವರಿಗೂ ಹೀಗಾಗಿದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಸಿದ್ಧವಾಗ್ತಿತ್ತು. ಯಾರೋ ಕೊಟ್ಟ ಒಂದೇ ಒಂದು ಕಮಾಂಡ್‌ಗೆ ಸಿನಿಮಾದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೈಕೊಟ್ಟಿತ್ತು. ಕಾಪಾಡಿದ್ದು ಯಾರು ಗೊತ್ತಾ? ಒಬ್ಬ ತಾಯಿ. ಚಿತ್ರದ ತಾಂತ್ರಿಕ ತಂಡದಲ್ಲಿದ್ದ ಗ್ಯಾಲಿನ್ ಸಸ್ಮನ್. ಮನೆಯಲ್ಲಿ ಹಸುಗೂಸು ಇದ್ದದ್ದರಿಂದ ಅಲ್ಲಿಂದಲೇ ಕೆಲಸ ಮಾಡ್ತಿದ್ದರು. ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಆ ಕಂಪ್ಯೂಟರನ್ನ ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು. ಮರುವರ್ಷ ಸಿನಿಮಾ ತೆರೆಕಂಡಿತು.

ಹಾಗಂತ ಗುಡಿಸಲೇಬೇಡಿ ಅಂತಲ್ಲ. ವಿಂಡೋಸ್ ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಅದರೊಳಗೆ ಸ್ಟೋರೇಜ್ ತೆರೆಯಿರಿ. ಯಾವುದು ಎಷ್ಟು ಜಾಗ ತಿಂದಿದೆ ಅಂತ ಅದೇ ಲೆಕ್ಕ ಕೊಡುತ್ತೆ. ಟೆಂಪರರಿ ಫೈಲ್ಸ್ ಒತ್ತಿದರೆ ಒಂದು ಪಟ್ಟಿ ಬರುತ್ತೆ. ಇಂಟರ್ನೆಟ್ಟಿನ ತಾತ್ಕಾಲಿಕ ಫೈಲು, ಥಂಬ್‌ನೇಲು, ಹಳೇ ಅಪ್‌ಡೇಟಿನ ಅವಶೇಷ, ಇವನ್ನೆಲ್ಲ ಧಾರಾಳವಾಗಿ ತೆಗೆಯಿರಿ. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಇರುತ್ತೆ. ಅಲ್ಲಿ ಟಿಕ್ ಹಾಕುವ ಮುಂಚೆ ಕೈ ತಡೆಯಿರಿ. ಮಗಳ ಮಾರ್ಕ್ಸ್ ಕಾರ್ಡು, ಜಮೀನಿನ ಪಹಣಿ, ಆಸ್ಪತ್ರೆ ರಿಪೋರ್ಟು, ಎಲ್ಲ ಕೂತಿರೋದು ಅಲ್ಲೇ ಅಲ್ವಾ?

ಕೈ ತಪ್ಪಿ ಅಳಿಸಿದಿರಾ? ತಕ್ಷಣ ಕಂಪ್ಯೂಟರ್ ಬಳಸೋದನ್ನ ನಿಲ್ಲಿಸಿ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಅಂದರೆ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದ ಹಾಗೆ, ಪುಟ ಇನ್ನೂ ಇರುತ್ತೆ. ಅದರ ಮೇಲೆ ಹೊಸದು ಬರೆದರೆ ಮಾತ್ರ ಹೋಯ್ತು. ಎಸ್‌ಎಸ್‌ಡಿ ಆದರೆ ಆ ಆಸೆಯೂ ಕಡಿಮೆ.

ಅದಕ್ಕೇ ಹೇಳ್ತಿದೀನಿ. ಬೇಕಾದ್ದರ ಒಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿ. ಹಾಕಿ ಸುಮ್ಮನಾಗಬೇಡಿ, ತೆರೆದು ನೋಡಿ. ಆಮೇಲೆ ಪೊರಕೆ ಹಿಡೀರಿ.