ಕೊಟ್ಟ ಕೀಲಿಯನ್ನು ಹಿಂಪಡೆಯುವುದು

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದಾಗ, ಗಾಳಿಗೆ ಬಿಟ್ಟ ದನಿ ರೇಡಿಯೊ ಪೆಟ್ಟಿಗೆಯುಳ್ಳ ಎಲ್ಲರಿಗೂ ತಲುಪಬೇಕೆಂಬುದೇ ಅದರ ಸಾರ್ಥಕ್ಯವಾಗಿತ್ತು. ಅದೇ ನಗರದಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು 21,000ಕ್ಕೂ ಹೆಚ್ಚು ಗ್ರಾಹಕರಿಗಾಗಿ ಕೈಗೊಂಡ ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಯಂಥವುಗಳಲ್ಲಿ ಅಗತ್ಯವು ಇದಕ್ಕೆ ತದ್ವಿರುದ್ಧವಾದುದು. ಮನೆಯಲ್ಲಿ ಯಾವ ಹೊತ್ತಿಗೆ ಎಷ್ಟು ವಿದ್ಯುತ್ ಬಳಕೆಯಾಯಿತೆಂಬ ಲೆಕ್ಕ ಆ ಮನೆಯವರ ಮತ್ತು ನಿಗಮದ ಹೊರತು ಬೇರಾರಿಗೂ ತಿಳಿಯಬಾರದು. ಆದಕಾರಣ ಸ್ಮಾರ್ಟ್ ಮೀಟರುಗಳು ಪಾಲಿಸುವ ಡಿ.ಎಲ್.ಎಂ.ಎಸ್. ನಿಯಮಾವಳಿಯಲ್ಲಿ ಸಂದೇಶವನ್ನು ಗೂಢಲಿಪಿಗೆ ತಿರುಗಿಸುವ ಗುಪ್ತಸಂಖ್ಯೆ, ಅಂದರೆ ಕೀಲಿ, ಇರುತ್ತದೆ. ಅದು ಬಯಲಾಯಿತೆಂಬ ಶಂಕೆ ಬಂದರೆ ಹೊಸ ಕೀಲಿಯನ್ನು ಇನ್ನೊಂದು ಮೂಲಕೀಲಿಯಿಂದ ಮುಚ್ಚಿ ಕಳುಹಿಸಲು ಅವಕಾಶವಿದೆ.

ಬ್ಯಾಟರಿಯನ್ನೇ ನೆಚ್ಚಿ ಬಯಲಿನಲ್ಲಿ ನಿಂತು, ನೆರೆಯ ಉಪಕರಣಗಳ ಮೂಲಕವೇ ಸುದ್ದಿ ದಾಟಿಸುವ ಸಂವೇದಕಗಳ ಪಾಡು ಇದಕ್ಕಿಂತ ಕಠಿಣ. ಭಾರತೀಯ ವಿಜ್ಞಾನ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯೊಡನೆ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಣ್ಣಿನ ತೇವ ಅಳೆಯಲು ಹೂಡಿದ ಜಾಲ ಈ ಬಗೆಯದಾಗಿತ್ತು. ಹೊಲದಲ್ಲಿರುವ ಪೆಟ್ಟಿಗೆಗೆ ಕಾವಲಿಲ್ಲ. ಅದನ್ನು ಯಾರಾದರೂ ಕಿತ್ತೊಯ್ದು ಬಿಚ್ಚಿದರೆ ಒಳಗಿನ ಕೀಲಿಗಳೆಲ್ಲ ಅವರ ವಶವಾಗುತ್ತವೆ.

2002ರಲ್ಲಿ ಎಶೆನಾವರ್ ಮತ್ತು ಗ್ಲಿಗೋರ್ ಎಂಬ ಸಂಶೋಧಕರು ಸೂಚಿಸಿದ ಪದ್ಧತಿಯಲ್ಲಿ, ಉದಾಹರಣೆಗೆ 1,00,000 ಕೀಲಿಗಳ ಭಂಡಾರದಿಂದ ಪ್ರತಿ ಸಂವೇದಕಕ್ಕೂ ಯಾದೃಚ್ಛಿಕವಾಗಿ 250 ಕೀಲಿಗಳನ್ನು ಮೊದಲೇ ತುಂಬಲಾಗುತ್ತದೆ, ಸಮಾನ ಕೀಲಿಯುಳ್ಳ ನೆರೆಯವು ಮಾತನಾಡಿಕೊಳ್ಳುತ್ತವೆ. ಒಂದು ಸಂವೇದಕ ಶತ್ರುವಶವಾದರೆ ಆ 250 ಕೀಲಿಗಳ ಕ್ರಮಸಂಖ್ಯೆಗಳ ಪಟ್ಟಿಗೆ ನಿಯಂತ್ರಣ ಕೇಂದ್ರವು ತನ್ನ ಅಧಿಕೃತ ಗುರುತನ್ನಿಟ್ಟು, ಆ ಕೀಲಿಗಳನ್ನು ಅಳಿಸಿಹಾಕುವಂತೆ ಉಳಿದವಕ್ಕೆಲ್ಲ ಕಳುಹಿಸಬೇಕು. ಗುರುತಿಲ್ಲದ ಆಜ್ಞೆಯನ್ನು ನಂಬಿದರೆ ಶತ್ರುವೇ ಸುಳ್ಳಾಜ್ಞೆ ಹೊರಡಿಸಿ ಇಡೀ ಜಾಲವನ್ನು ಮೂಕವಾಗಿಸಬಲ್ಲನು. ಅದೇ ಕೀಲಿಗಳನ್ನು ನೆಚ್ಚಿದ್ದ ನಿರ್ದೋಷಿ ಸಂವೇದಕಗಳ ಕೆಲವು ಸಂಪರ್ಕಗಳೂ ಈ ಅಳಿಸುವಿಕೆಯಿಂದ ಕಡಿಯುತ್ತವೆ ಎಂಬುದು ಈ ಪದ್ಧತಿಯ ನಿಜವಾದ ಬೆಲೆ.

ಚಾನ್, ಪೆರಿಗ್ ಮತ್ತು ಸಾಂಗ್ ಅವರು 2003ರಲ್ಲಿ ಮಂಡಿಸಿದ ಮಾರ್ಗದಲ್ಲಿ ಪ್ರತಿ ಕೀಲಿಯೂ ಎರಡೇ ಸಂವೇದಕಗಳಿಗೆ ಸೇರಿದ್ದರಿಂದ ಆ ಹಾನಿ ತಪ್ಪುತ್ತದೆ. ಕೇಂದ್ರದ ಅಪ್ಪಣೆಗೆ ಕಾಯದೆ, ಶತ್ರುವಶವಾದ ಸಂವೇದಕವನ್ನು ಅದರೊಡನೆ ಕೀಲಿ ಹಂಚಿಕೊಂಡವೇ ಮತ ಹಾಕಿ ಹೊರಗಿಡುತ್ತವೆ. ನಿಗದಿತ ಸಂಖ್ಯೆಯ ಮತಗಳು ಕೂಡಿದಲ್ಲದೆ ಬಹಿಷ್ಕಾರ ಜಾರಿಯಾಗದು, ಏಕೆಂದರೆ ವಶಪಡಿಸಿಕೊಂಡ ಒಂದೆರಡು ಸಂವೇದಕಗಳಿಂದಲೇ ಶತ್ರುವು ಪ್ರಾಮಾಣಿಕವಾದವುಗಳ ಮೇಲೆ ದೂರು ಹೂಡಬಹುದು. ಆ ಸಂಖ್ಯೆಯನ್ನು ತೀರ ಏರಿಸಿದರೆ ನೆರೆ ವಿರಳವಾಗಿರುವ ಕಡೆ ನಿಜವಾದ ಅಪರಾಧಿಯೂ ಉಳಿದುಬಿಡುತ್ತದೆ. ಆದ್ದರಿಂದ ಒಂದು ಹೊಲದಲ್ಲಿ ಪೆಟ್ಟಿಗೆಗಳು ಎಷ್ಟು ದಟ್ಟವಾಗಿವೆ ಎಂಬುದನ್ನು ನೋಡಿಯೇ ಆ ಸಂಖ್ಯೆಯನ್ನು ಗೊತ್ತುಮಾಡಬೇಕಾಗುತ್ತದೆ.