ಮೂರು ಸೆಕೆಂಡಿನ ಲೆಕ್ಕ, ಮೂರು ವರ್ಷದ ಕಾಯುವಿಕೆ



ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನಮ್ಮಲ್ಲಿ ಅನೇಕರಿಗೆ ಅದು ಶಿರಸ್ತ್ರಾಣ ತೊಟ್ಟ ದಾಂಡಿಗರ ಗುದ್ದಾಟದಂತೆ ಮಾತ್ರ ಕಾಣುತ್ತದೆ. ಆದರೆ ಆ ಗುದ್ದಾಟದ ಹಿಂದೆ ನಿಂತು, ಮೂರು ಸೆಕೆಂಡಿನೊಳಗೆ ಲೆಕ್ಕ ಹಾಕಿ ಚೆಂಡು ಎಸೆಯುವವನೊಬ್ಬನಿದ್ದಾನೆ. ಅವನೇ ಕ್ವಾರ್ಟರ್‌ಬ್ಯಾಕ್. ಜೋ ಬರೋ ಎಂಬ ಕಾಲೇಜು ಹುಡುಗ 2018ರಲ್ಲಿ ಸಾಧಾರಣ ಕ್ವಾರ್ಟರ್‌ಬ್ಯಾಕ್ ಆಗಿದ್ದ. 2019ರಲ್ಲಿ ಅವನ ಆಟ ದಾಖಲೆ ಪುಸ್ತಕಗಳನ್ನು ತಿದ್ದಿಸಿತು. ಒಂದೇ ವರ್ಷದಲ್ಲಿ ಇದು ಹೇಗೆ ಸಾಧ್ಯವಾಯಿತು ಎಂಬುದು ಈ ಉಪನ್ಯಾಸದ ವಿಷಯ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ತಂಡಕ್ಕೆ 11 ಮಂದಿ. ಮೈದಾನದ ಉದ್ದ 100 ಗಜ, ಅಗಲ 53 ಗಜಕ್ಕೆ ತುಸು ಹೆಚ್ಚು. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಮುಂದೆ ಹೋಗಲು ದಾರಿ ಎರಡು. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವುದು ಒಂದು. ಮುಂದೆ ಓಡುತ್ತಿರುವ ಸಂಗಡಿಗನಿಗೆ ಎಸೆಯುವುದು ಇನ್ನೊಂದು. ಈ ಎರಡನೆಯದೇ 'ಪಾಸ್'.

ಈ ಪಾಸ್ ಆಟದೊಂದಿಗೇ ಹುಟ್ಟಿದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಚೆಂಡನ್ನು ಮುಂದಕ್ಕೆ ಎಸೆಯುವುದು ನಿಷಿದ್ಧವಾಗಿತ್ತು. ಆಟಗಾರರು ಕೈಗೆ ಕೈ ಕೋಸಿಕೊಂಡು ಗುಂಪಾಗಿ ನುಗ್ಗುತ್ತಿದ್ದರು. ಮೂಳೆ ಮುರಿಯುವುದು ಮಾಮೂಲಾಗಿತ್ತು, ಸಾವುಗಳೂ ಆಗುತ್ತಿದ್ದವು. 1905ರ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸರಿಪಡಿಸಿರೆಂದು ತಾಕೀತು ಮಾಡಿದರು. ಆ ವರ್ಷವೂ ಸಾವುಗಳು ನಿಲ್ಲಲಿಲ್ಲ. ಕೆಲವು ಕಾಲೇಜುಗಳು ಆಟವನ್ನೇ ಕೈಬಿಟ್ಟವು. ಕೊನೆಗೆ 1906ರಲ್ಲಿ ನಿಯಮಗಳು ಬದಲಾದವು. ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಎಲ್ಲರೂ ಒಂದೇ ಕಡೆ ಗುಂಪುಗೂಡಿ ತುಳಿದಾಡುವುದನ್ನು ತಪ್ಪಿಸಿ, ಆಟಗಾರರನ್ನು ಮೈದಾನದ ತುಂಬ ಚದುರಿಸುವುದು ಅದರ ಉದ್ದೇಶವಾಗಿತ್ತು. ಹಾಗೆ ನೋಡಿದರೆ ಪಾಸ್ ಎಂಬುದು ಹುಡುಗರ ಪ್ರಾಣ ಉಳಿಸಲು ಹುಟ್ಟಿದ ಉಪಾಯ.

ಆದರೂ ಹಿರಿಯರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಅದನ್ನು ಎದುರಾಳಿಗೆ ಕೊಡಬೇಕೆಂಬ ಕಠಿಣ ಷರತ್ತು ಹಾಕಿದರು. 1906ರ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ಎಸೆದ ಮೊದಲ ಪಾಸ್‌ಗೆ ಆದದ್ದೂ ಅದೇ. ಅದೇ ಪಂದ್ಯದಲ್ಲಿ ಆತ ಮತ್ತೆ ಎಸೆದು ಗೆದ್ದ ಎಂಬುದು ಬೇರೆ ಮಾತು. 1912ರಲ್ಲಿ ಪಾಸ್ 20 ಗಜ ಮೀರಬಾರದೆಂಬ ಮಿತಿ ಹೋಯಿತು. 1913ರ ನವೆಂಬರ್ 1ರಂದು ನಾಟರ್‌ಡೇಮ್ ಕಾಲೇಜಿನ ಗಸ್ ಡೊರೇ 17 ಬಾರಿ ಎಸೆದು 14 ಬಾರಿ ಗುರಿ ಮುಟ್ಟಿಸಿ, ಬಲಾಢ್ಯ ಸೈನಿಕ ಅಕಾಡೆಮಿ ತಂಡವನ್ನು 35-13ರಿಂದ ಸೋಲಿಸಿದ. ಪಾಸ್‌ಗೆ ಮರ್ಯಾದೆ ಬಂದದ್ದು ಅಲ್ಲಿಂದೀಚೆಗೆ.

ಇಷ್ಟಾದರೂ ಒಂದು ನೂರು ವರ್ಷ ಕಳೆದ ಮೇಲೂ ಪಾಸನ್ನು ಅರೆಮನಸ್ಸಿನಿಂದ ನೋಡುವ ದೊಡ್ಡ ಕಾಲೇಜುಗಳಿದ್ದವು. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್.ಎಸ್.ಯು., ಅಂಥದ್ದರಲ್ಲಿ ಒಂದು. ಬ್ಯಾಟನ್ ರೂಜ್ ನಗರದಲ್ಲಿರುವ ಅದರ ಕ್ರೀಡಾಂಗಣದಲ್ಲಿ 1 ಲಕ್ಷಕ್ಕೂ ಹೆಚ್ಚು ಆಸನಗಳಿವೆ. ಗಟ್ಟಿ ರಕ್ಷಣೆ, ಬಲವಾದ ಓಟ ಇವೇ ಆ ತಂಡದ ಸಂಪ್ರದಾಯ. 2018ರಲ್ಲಿ ಜೋ ಬರೋ ಬಂದು ಸೇರಿದ್ದು ಈ ತಂಡವನ್ನು.

ಬರೋ ಹುಟ್ಟಿದ್ದು 1996ರ ಡಿಸೆಂಬರಿನಲ್ಲಿ, ಅಯೋವಾ ರಾಜ್ಯದ ಏಮ್ಸ್‌ನಲ್ಲಿ. ಬೆಳೆದದ್ದು ಒಹಾಯೊ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ಅಥೆನ್ಸ್ ಜಿಲ್ಲೆಯಲ್ಲಿ. ಅಪಲೇಷಿಯನ್ ಗುಡ್ಡಗಳ ನಡುವಿನ ಈ ಸೀಮೆ ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳಿಂದ ಬದುಕಿತ್ತು. ಗಣಿಗಳು ಮುಚ್ಚಿದವು, ಬಡತನ ಉಳಿಯಿತು. ತಂದೆ ಜಿಮ್ಮಿ ಬರೋ ಅಲ್ಲಿನ ಒಹಾಯೊ ವಿಶ್ವವಿದ್ಯಾಲಯ ತಂಡದ ರಕ್ಷಣಾ ವಿಭಾಗದ ತರಬೇತುದಾರ. ಎದುರಾಳಿಯ ದಾಳಿಯನ್ನು ಮುರಿಯುವುದು ಹೇಗೆಂಬುದೇ ತಂದೆಯ ಕಸುಬಾಗಿದ್ದ ಮನೆಯಲ್ಲಿ, ಆ ರಕ್ಷಣೆಯನ್ನು ಮುರಿಯುವುದು ಹೇಗೆಂದು ಯೋಚಿಸುವ ಮಗ ಬೆಳೆದ. 2014ರಲ್ಲಿ ಅವನ ಶಾಲಾ ತಂಡ ರಾಜ್ಯದ ಅಂತಿಮ ಪಂದ್ಯದವರೆಗೆ ಹೋಗಿ 52-56ರಿಂದ ಸೋತಿತು. ಆ ವರ್ಷ ಒಹಾಯೊದ ಅತ್ಯುತ್ತಮ ಶಾಲಾ ಆಟಗಾರನೆಂಬ ಗೌರವ ಬರೋಗೆ ಸಿಕ್ಕಿತು.

2015ರಲ್ಲಿ ಆತ ರಾಜ್ಯದ ಹೆಮ್ಮೆಯ ತಂಡವಾದ ಒಹಾಯೊ ಸ್ಟೇಟ್ ಸೇರಿದ. ಅಲ್ಲಿ ಸಿಕ್ಕಿದ್ದು ಬೆಂಚು. ಜೆ.ಟಿ. ಬ್ಯಾರೆಟ್ ಎಂಬ ಹಿರಿಯ ಆಟಗಾರನ ಹಿಂದೆ ಕಾಯಬೇಕಾಯಿತು. ತನ್ನ ಸರದಿ ಹತ್ತಿರ ಬಂತೆನ್ನುವಾಗ, 2017ರ ಆಗಸ್ಟಿನಲ್ಲಿ ಅಭ್ಯಾಸದ ವೇಳೆ ಕೈಮೂಳೆ ಮುರಿಯಿತು. ಆ ಬಿಡುವಿನಲ್ಲಿ ಡ್ವೇನ್ ಹ್ಯಾಸ್ಕಿನ್ಸ್ ಎಂಬ ಇನ್ನೊಬ್ಬ ಪ್ರತಿಭಾವಂತ ಮುಂದೆ ಹೋದ. ಮೂರು ವರ್ಷಗಳಲ್ಲಿ ಬರೋ ಪಂದ್ಯಗಳಲ್ಲಿ ಎಸೆದದ್ದು ಬರೀ 39 ಪಾಸ್.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಂದಿನ ನಿಯಮದಂತೆ, ಒಂದು ದೊಡ್ಡ ಕಾಲೇಜು ತಂಡ ಬಿಟ್ಟು ಇನ್ನೊಂದಕ್ಕೆ ಹೋಗುವ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆದರೆ ಪದವಿ ಮುಗಿಸಿದವನಿಗೆ ಆ ಅಡ್ಡಿ ಇರಲಿಲ್ಲ. ಬರೋ ಮೂರೇ ವರ್ಷದಲ್ಲಿ ಪದವಿ ಮುಗಿಸಿದ್ದ. ಬೆಂಚಿನ ಮೇಲೆ ಕೂತಿದ್ದವನಿಗೆ ಬಾಗಿಲು ತೆರೆದದ್ದು ತೋಳಿನ ಬಲವಲ್ಲ, ಪದವಿ ಪತ್ರ! 2018ರ ಮೇ ತಿಂಗಳಲ್ಲಿ ಆತ ಎಲ್.ಎಸ್.ಯು.ಗೆ ಬಂದ. ಕೈಯಲ್ಲಿ ಉಳಿದಿದ್ದದ್ದು ಎರಡೇ ಋತು.

ಮೊದಲ ಋತು ಅಷ್ಟಕ್ಕಷ್ಟೆ. 16 ಟಚ್‌ಡೌನ್ ಪಾಸ್, ನೂರಕ್ಕೆ 57.8ರಷ್ಟು ಗುರಿ. ತಂಡ 10 ಪಂದ್ಯ ಗೆದ್ದು 3 ಸೋತಿತು. ಬದ್ಧವೈರಿ ಅಲಬಾಮಾ ಎದುರು ಸ್ವಂತ ನೆಲದಲ್ಲೇ 0-29ರ ಸೋಲು; ಒಂದೇ ಒಂದು ಅಂಕವೂ ಇಲ್ಲ. ಆದರೆ 2019ರ ಜನವರಿ 1ರ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಬೇರೊಬ್ಬ ಬರೋ ಕಾಣಿಸಿದ. ಎಸೆದ ಚೆಂಡು ಎದುರಾಳಿಯ ಕೈಸೇರಿತು; ಅದರ ಜೊತೆಗೇ ಭಾರೀ ಹೊಡೆತ ತಿಂದು ನೆಲಕ್ಕುರುಳಿದ. ಎದ್ದು ಬಂದು ನಾಲ್ಕು ಟಚ್‌ಡೌನ್ ಪಾಸ್ ಕೊಟ್ಟು ಪಂದ್ಯ ಗೆಲ್ಲಿಸಿದ.

ಮುಖ್ಯ ತರಬೇತುದಾರ ಎಡ್ ಒರ್ಜೆರಾನ್ ಅವರಿಗೆ ಹಳೆಯ ದಾರಿಯಲ್ಲಿ ಅಲಬಾಮಾವನ್ನು ಸೋಲಿಸುವುದು ಆಗದ ಕೆಲಸ ಎಂದು ಮನವರಿಕೆಯಾಗಿತ್ತು. ವೃತ್ತಿಪರ ತಂಡವಾದ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಲ್ಲಿ ಸಹಾಯಕನಾಗಿದ್ದ ಜೋ ಬ್ರೇಡಿ ಎಂಬ 29 ವರ್ಷದ ತರುಣನನ್ನು ಪಾಸ್ ಆಟದ ಹೊಣೆ ಹೊರಲು ಕರೆತಂದರು. ಅರುವತ್ತು ದಾಟಿದ ಸ್ಟೀವ್ ಎನ್ಸ್‌ಮಿಂಗರ್ ದಾಳಿ ವಿಭಾಗದ ಮುಖ್ಯಸ್ಥರಾಗಿ ಮುಂದುವರಿದರು. ಹಿರಿಯರು ಕಿರಿಯನ ಮಾತು ಕೇಳಿದ್ದು ಈ ಕಥೆಯ ಸಣ್ಣ ಸಂಗತಿಯೇನಲ್ಲ.

ಬ್ರೇಡಿ ತಂದ ಬದಲಾವಣೆ ಏನು? ಹಿಂದೆ ಚೆಂಡು ಹಿಡಿಯಬಲ್ಲ ಐವರಲ್ಲಿ ಒಬ್ಬಿಬ್ಬರು ಕ್ವಾರ್ಟರ್‌ಬ್ಯಾಕನ್ನು ಕಾಯಲು ಹಿಂದೆಯೇ ಉಳಿಯುತ್ತಿದ್ದರು. ಈಗ ಅನೇಕ ಬಾರಿ ಐವರೂ ಹೊರಟರು. ಕಾವಲಿಗೆ ಮುಂದಿನ ಸಾಲಿನ ಐವರು ಮಾತ್ರ. ಮೇಲ್ನೋಟಕ್ಕೆ ಇದು ಅಪಾಯ. ಆದರೆ ಲೆಕ್ಕ ನೋಡಿ. ಐವರು ಮೈದಾನದ ಅಗಲಕ್ಕೂ ಹರಡಿಕೊಂಡರೆ ಎದುರಾಳಿಯ 11 ಮಂದಿಯೂ ಹರಡಿಕೊಳ್ಳಲೇಬೇಕು. ಹೆಚ್ಚು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಹಿಂದೆ ಯಾರೋ ಒಬ್ಬ ಬಿಡುವಾಗಿ ಸಿಗುತ್ತಾನೆ. ನುಗ್ಗದೆ ಹಿಂದೆ ನಿಂತರೆ ಎಸೆಯುವವನಿಗೆ ಸಮಯ ಸಿಗುತ್ತದೆ. ಹೇಗೆ ಮಾಡಿದರೂ ಎಲ್ಲೋ ಒಂದು ಕಡೆ ಬಾಗಿಲು ತೆರೆದಿರುತ್ತದೆ. ಆ ಬಾಗಿಲು ಯಾವುದೆಂದು ಮೂರು ಸೆಕೆಂಡಿನೊಳಗೆ ಗುರುತಿಸಬಲ್ಲ ಕಣ್ಣು ಬೇಕು, ಅಷ್ಟೆ.

ಬರೋನ ತೋಳು ಅಸಾಧಾರಣ ಬಲದ್ದೇನಲ್ಲ. ಅವನ ಬಲ ಇದ್ದದ್ದು ಕಣ್ಣಿನಲ್ಲಿ. ಚೆಂಡು ಕೈಗೆ ಬರುವ ಮೊದಲೇ ಎದುರಾಳಿ ನಿಂತ ರೀತಿಯನ್ನು ಓದುತ್ತಿದ್ದ. ಮೊದಲನೆಯವನು ಸಿಗದಿದ್ದರೆ ಎರಡನೆಯವನು, ಅವನೂ ಇಲ್ಲದಿದ್ದರೆ ಮೂರನೆಯವನು ಎಂದು ಕ್ರಮವಾಗಿ ನೋಡುತ್ತಿದ್ದ. ಓಡುವವನ ದಾರಿಯೂ ಮೊದಲೇ ಕಲ್ಲಿನಲ್ಲಿ ಕೊರೆದದ್ದಲ್ಲ. ರಕ್ಷಕ ಒಳಗೆ ಬಂದರೆ ಹೊರಗೆ, ಹೊರಗೆ ಹೋದರೆ ಒಳಗೆ. ಎಸೆಯುವವನೂ ಹಿಡಿಯುವವನೂ ಒಂದೇ ಹೊತ್ತಿಗೆ ಒಂದೇ ಸಂಗತಿಯನ್ನು ಕಂಡರೆ ಮಾತ್ರ ಇದು ನಡೆಯುತ್ತದೆ. ಇಂಥ ಹೊಂದಾಣಿಕೆ ಭಾಷಣದಿಂದ ಬರುವುದಿಲ್ಲ, ದಿನದಿನದ ಅಭ್ಯಾಸದಿಂದ ಬರಬೇಕು.

ಇದರ ಮೊದಲ ಪರೀಕ್ಷೆ 2019ರ ಸೆಪ್ಟೆಂಬರ್ 7ರಂದು ಟೆಕ್ಸಸ್ ವಿರುದ್ಧ ನಡೆಯಿತು. ಎಲ್.ಎಸ್.ಯು. 37-31ರಿಂದ ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷ. ಮೂರನೆಯ ಅವಕಾಶ, ಹೋಗಬೇಕಾದದ್ದು 17 ಗಜ. ಹಳೆಯ ಎಲ್.ಎಸ್.ಯು. ಆಗಿದ್ದರೆ ಸುಮ್ಮನೆ ಓಡಿ ಗಡಿಯಾರ ಕಳೆಯುತ್ತಿತ್ತು. ಟೆಕ್ಸಸ್ ಆಟಗಾರರು ಮೇಲೆರಗಿ ಬಂದರು. ಬರೋ ಪಕ್ಕಕ್ಕೆ ಜರುಗಿ ಜಸ್ಟಿನ್ ಜೆಫರ್ಸನ್‌ಗೆ ಎಸೆದ. ಆತ ಹಿಡಿದು ಓಡಿದ. 61 ಗಜದ ಟಚ್‌ಡೌನ್. ಪಂದ್ಯ 45-38ಕ್ಕೆ ಮುಗಿಯಿತು. ನವೆಂಬರ್ 9ರಂದು ಅಲಬಾಮಾದ ನೆಲದಲ್ಲೇ ಬರೋ 39 ಪಾಸ್‌ಗಳಲ್ಲಿ 31ನ್ನು ಗುರಿ ಮುಟ್ಟಿಸಿದ. ಫಲಿತಾಂಶ 46-41. ಎಂಟು ಸತತ ಸೋಲುಗಳ ಸರಪಳಿ ಅಂದು ಕಡಿಯಿತು.

ಡಿಸೆಂಬರ್ 28ರ ಪೀಚ್ ಬೌಲ್ ದಿನ ಬೆಳಿಗ್ಗೆ ಎನ್ಸ್‌ಮಿಂಗರ್ ಅವರ ಸೊಸೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸುದ್ದಿ ತಿಳಿದೂ ಅವರು ತಮ್ಮ ಜಾಗದಲ್ಲಿ ಕುಳಿತು ಆಟ ನಡೆಸಿದರು. ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಪಾಸ್ ಕೊಟ್ಟ. ಒಕ್ಲಹೋಮ 28-63ರಿಂದ ಸೋತಿತು. 2020ರ ಜನವರಿ 13ರ ಅಂತಿಮ ಪಂದ್ಯದಲ್ಲಿ, ಸತತ 29 ಗೆಲುವುಗಳ ಕ್ಲೆಮ್ಸನ್ 42-25ರಿಂದ ಮಣಿಯಿತು. 15 ಪಂದ್ಯ, 15 ಗೆಲುವು.

ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ. 2018ರಲ್ಲಿ 16 ಟಚ್‌ಡೌನ್ ಪಾಸ್, 2019ರಲ್ಲಿ 60. ಗುರಿ ನೂರಕ್ಕೆ 57.8ರಿಂದ 76.3ಕ್ಕೆ ಏರಿತು. ಕ್ರಮಿಸಿದ ದೂರ 2,894 ಗಜದಿಂದ 5,671 ಗಜಕ್ಕೆ. ಆ 60 ಅಂದಿಗೆ ಅಗ್ರ ಶ್ರೇಣಿಯ ಕಾಲೇಜು ಆಟದಲ್ಲಿ ದಾಖಲೆ. 2021ರಲ್ಲಿ ಬೇಲಿ ಜಾಪಿ ಎಂಬ ಆಟಗಾರ 62 ಮಾಡಿ ಅದನ್ನು ಮುರಿದ. ಆದರೆ ಈ ಲೆಕ್ಕವನ್ನು ಒಬ್ಬನ ಖಾತೆಗೇ ಬರೆಯುವಂತಿಲ್ಲ. ಜೆಫರ್ಸನ್ 111 ಪಾಸ್ ಹಿಡಿದ. ಜಮಾರ್ ಚೇಸ್ 1,780 ಗಜ ಗಳಿಸಿದ. ಮುಂದಿನ ಸಾಲಿನ ಕಾವಲುಗಾರರಿಗೆ ದೇಶದ ಅತ್ಯುತ್ತಮ ಸಾಲು ಎಂಬ ಜೋ ಮೂರ್ ಪ್ರಶಸ್ತಿ ಬಂತು. ಅವರು ಕೊಟ್ಟ ಮೂರು ಸೆಕೆಂಡು ಇಲ್ಲದಿದ್ದರೆ ಎಂಥ ಕಣ್ಣಿದ್ದರೂ ಕಾಣುವುದು ಆಕಾಶ ಮಾತ್ರ.

2019ರ ಡಿಸೆಂಬರ್ 14ರಂದು ಬರೋಗೆ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ ಬಂತು. ಎರಡನೆಯವನಿಗಿಂತ 1,846 ಅಂಕಗಳ ಅಂತರ, ಅದೂ ದಾಖಲೆ. ವೇದಿಕೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ಆತ ತನ್ನ ಊರಿನ ಬಡತನದ ಮಾತೆತ್ತಿದ. ಶಾಲೆ ಬಿಟ್ಟು ಮನೆಗೆ ಹೋದರೆ ತಿನ್ನಲು ಹೆಚ್ಚೇನೂ ಸಿಗದ ಮಕ್ಕಳನ್ನು ನೆನೆದ. ಅದನ್ನು ಕೇಳಿದ ಅದೇ ಊರಿನವರೊಬ್ಬರು ಅಥೆನ್ಸ್ ಜಿಲ್ಲೆಯ ಆಹಾರ ಭಂಡಾರಕ್ಕಾಗಿ 1,000 ಡಾಲರ್ ಸಂಗ್ರಹಿಸಲು ಹೊರಟರು. ಬಂದದ್ದು 5 ಲಕ್ಷ ಡಾಲರಿಗೂ ಹೆಚ್ಚು. ಅಮೆರಿಕದಲ್ಲೂ ಹಸಿದ ಮಕ್ಕಳಿದ್ದಾರೆಂಬುದು ಅನೇಕ ಅಮೆರಿಕನ್ನರ ಕಣ್ಣಿಗೆ ಬಿದ್ದದ್ದು ಒಬ್ಬ ಆಟಗಾರನ ಮಾತಿನಿಂದ.

ಇಷ್ಟು ಸಂಭ್ರಮದ ನಡುವೆ ಒಂದು ಪ್ರಶ್ನೆ ಉಳಿಯುತ್ತದೆ. ತುಂಬಿದ ಕ್ರೀಡಾಂಗಣ, ದೂರದರ್ಶನದ ಹಕ್ಕು, ತರಬೇತುದಾರರ ದೊಡ್ಡ ಸಂಬಳ ಇವೆಲ್ಲ ಇದ್ದ ಆಟದಲ್ಲಿ, 2019ರಲ್ಲಿ ಆಟಗಾರನಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಮತ್ತು ಜೀವನವೆಚ್ಚ ಮಾತ್ರ. ಒಂದು ಮಂಡಿ ಮುರಿದರೆ ಭವಿಷ್ಯವೇ ಮುಗಿಯಬಹುದಾದ ಆಟದಲ್ಲಿ ಇದು ನ್ಯಾಯವೇ ಎಂದು ಹಲವರು ಕೇಳುತ್ತಿದ್ದರು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದಾಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಿಂದ ಕಾಲೇಜುಗಳು ನೇರವಾಗಿ ಹಣ ಕೊಡುವ ದಾರಿಯೂ ತೆರೆಯಿತು. ತಂಡ ಬದಲಿಸುವ ನಿಯಮವೂ ಸಡಿಲಗೊಂಡಿದೆ. ಆಟಗಾರನಿಗೆ ಇದರಿಂದ ನ್ಯಾಯ ಸಿಕ್ಕಿದೆ, ಸಂದೇಹವಿಲ್ಲ. ಆದರೆ ಇಂದಿನ ಹುಡುಗ ಮೂರು ವರ್ಷ ಬೆಂಚಿನ ಮೇಲೆ ಕೂತು, ನೋಡಿ ಕಲಿತು, ಪದವಿಯನ್ನೂ ಮುಗಿಸಿ ಹೊರಡುತ್ತಾನೆಯೇ? ತಂಡಗಳಾದರೂ ಒಂದು ಸಾಧಾರಣ ಋತುವಿನ ನಂತರ ಅವನನ್ನು ಉಳಿಸಿಕೊಳ್ಳುತ್ತವೆಯೇ?

ಮುಂದಿನದನ್ನು ಚುಟುಕಾಗಿ ಹೇಳಬಹುದು. 2020ರ ಏಪ್ರಿಲಿನಲ್ಲಿ ವೃತ್ತಿಪರ ಆಟಕ್ಕೆ ಆಯ್ಕೆಯಾದವರಲ್ಲಿ ಬರೋ ಮೊದಲಿಗ. ಸಿನ್ಸಿನಾಟಿ ಬೆಂಗಾಲ್ಸ್ ತಂಡ ಸೇರಿದ. ಮೊದಲ ವರ್ಷವೇ ಮಂಡಿಗೆ ಭಾರೀ ಪೆಟ್ಟಾಯಿತು. ಚೇತರಿಸಿಕೊಂಡು, 2022ರ ಫೆಬ್ರುವರಿಯಲ್ಲಿ ತಂಡವನ್ನು ಸೂಪರ್ ಬೌಲ್‌ವರೆಗೆ ಕೊಂಡೊಯ್ದ. ಅಲ್ಲಿ 20-23ರ ಸೋಲು. ಇತ್ತ ಎಲ್.ಎಸ್.ಯು.ನಿಂದ ಒಂದೇ ಬಾರಿಗೆ 14 ಆಟಗಾರರು ವೃತ್ತಿಪರ ತಂಡಗಳಿಗೆ ಹೋದರು. ಬ್ರೇಡಿಯೂ ಹೊರಟ. 2020ರಲ್ಲಿ ಅದೇ ಕಾಲೇಜು ಐದು ಪಂದ್ಯ ಗೆದ್ದು ಐದು ಸೋತಿತು. ಕ್ರೀಡಾಂಗಣ ಅದೇ, ಮುಖ್ಯ ತರಬೇತುದಾರರೂ ಅವರೇ. ಇಲ್ಲದ್ದು, ವರ್ಷವಿಡೀ ಜೊತೆಯಾಗಿ ಅಭ್ಯಾಸ ಮಾಡಿ ಒಬ್ಬರ ಮನಸ್ಸನ್ನೊಬ್ಬರು ಓದಲು ಕಲಿತಿದ್ದ ಆ ಹುಡುಗರು.